ಕಾರು ಓಡಿಸಲು ಬಾರದ ಮಾಸ್ತರರು

ಕೇಳುಗರಿಗೆ ನಮಸ್ಕಾರ.

ಕಾರಿನ ಎಂಜಿನ್ ಬಗ್ಗೆ ಪಾಠ ಹೇಳುವ ಮಾಸ್ತರರಿಗೆ ಸ್ವತಃ ಕಾರು ಓಡಿಸಲು ಬಾರದು ಎಂದರೆ ನಿಮಗೆ ನಗು ಬರಬಹುದು. ಬೇಸಿಲ್ ಬರ್ನ್‌ಸ್ಟೈನ್ ಅಂಥ ಮಾಸ್ತರರು. 1954ರಿಂದ 1960ರವರೆಗೆ ಅವರು ಲಂಡನ್ನಿನ ಸಿಟಿ ಡೇ ಕಾಲೇಜಿನಲ್ಲಿದ್ದರು. ಹೆಸರಿಗೆ ಕಾಲೇಜು; ಬರುತ್ತಿದ್ದವರು ಹದಿಹರೆಯದಲ್ಲೇ ದುಡಿಮೆಗೆ ಬಿದ್ದ ಹುಡುಗರು. ಕೆಲಸ ಕೊಟ್ಟವರು ಬಿಡುವು ಕೊಟ್ಟು ಕಳುಹಿಸಿದ ದಿನ ಅವರಿಗೆ ಪಾಠ. ಇಂಗ್ಲಿಷ್, ಲೆಕ್ಕ, ವ್ಯಾಯಾಮ, ಜೊತೆಗೆ ಕಾರು ದುರಸ್ತಿ, ಹೀಗೆ ಪಾಲಿಗೆ ಬಂದದ್ದನ್ನೆಲ್ಲ ಕಲಿಸಬೇಕಿತ್ತು. ಘಟ್ಟದ ಮೇಲಿನ ಏಕೋಪಾಧ್ಯಾಯ ಶಾಲೆಗಳಲ್ಲಿ ದುಡಿದವರಿಗೆ ಇದೇನೂ ಹೊಸದಲ್ಲ.

ಇದೇ ಬರ್ನ್‌ಸ್ಟೈನ್ ಮುಂದೆ ಲಂಡನ್ ವಿಶ್ವವಿದ್ಯಾಲಯದ ಶಿಕ್ಷಣ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಶಿಕ್ಷಣದ ಸಮಾಜಶಾಸ್ತ್ರ ಓದುವವರು ಇಂದಿಗೂ ಅವರನ್ನು ದಾಟಿ ಹೋಗುವಂತಿಲ್ಲ. ಆದರೆ ಅವರ ಬಗ್ಗೆ ಬರೆಯುವವರು ಪ್ರಾಧ್ಯಾಪಕ ಹುದ್ದೆಯಿಂದಲೇ ಶುರು ಮಾಡಿ, ಹಿಂದಿನ ಆ ವರ್ಷಗಳನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಕರಾವಳಿಯಲ್ಲಿ ಬಿ.ಎಡ್. ವಿದ್ಯಾರ್ಥಿಗಳಿಗೆ ಇದೇ ವಿಷಯ ಪಾಠ ಹೇಳಿದ ನನಗೆ ಅದು ಒಪ್ಪಿಗೆಯಿಲ್ಲ. ಅವರ ಸಿದ್ಧಾಂತ ಹುಟ್ಟಿದ್ದೇ ಆ ಹುಡುಗರ ತರಗತಿಯಲ್ಲಿ.

ಅವರು ಹುಟ್ಟಿದ್ದು 1924ರಲ್ಲಿ, ಲಂಡನ್ನಿನ ಪೂರ್ವ ಭಾಗದ ಯಹೂದಿ ಕುಟುಂಬದಲ್ಲಿ. ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆಯಲ್ಲಿದ್ದರು. ಬಳಿಕ ಬಡ ಯಹೂದಿ ಕುಟುಂಬಗಳ ಕೇರಿಯ ಸೇವಾ ಕೇಂದ್ರವೊಂದರಲ್ಲಿ ಕೆಲಸ, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಸಮಾಜಶಾಸ್ತ್ರದ ಓದು. ಅಲ್ಲಿ ಫ್ರಾನ್ಸಿನ ಎಮಿಲ್ ಡರ್ಕೈಮ್ ಅವರ ಬರಹಗಳು ಇವರನ್ನು ಹಿಡಿದವು, ಕೊನೆಯವರೆಗೂ ಬಿಡಲಿಲ್ಲ. ಡರ್ಕೈಮ್ ಕೂಡ ಬೋರ್ಡೋದಲ್ಲಿ, ಆಮೇಲೆ ಪ್ಯಾರಿಸ್ಸಿನ ಸೋರ್ಬಾನ್‌ನಲ್ಲಿ, ಮುಂದೆ ಮಾಸ್ತರರಾಗುವವರಿಗೆ ಶಿಕ್ಷಣಶಾಸ್ತ್ರ ಬೋಧಿಸಿದವರೇ. ಸಮಾಜಶಾಸ್ತ್ರದ ಆ ಹಿರಿಯನ ಸಂಬಳ ಬಂದದ್ದು ಶಿಕ್ಷಕರ ತರಬೇತಿಯಿಂದ ಎಂಬುದನ್ನು ನಮ್ಮ ಕಾಲೇಜುಗಳ ಸಮಾಜಶಾಸ್ತ್ರ ವಿಭಾಗದವರು ಮರೆತೇಬಿಟ್ಟಿದ್ದಾರೆ!

ಸಿಟಿ ಡೇ ಕಾಲೇಜಿನ ಹುಡುಗರಲ್ಲಿ ಬರ್ನ್‌ಸ್ಟೈನ್ ಒಂದು ವಿಚಿತ್ರವನ್ನು ಗಮನಿಸಿದರು. ಸಂದೇಶ ಒಯ್ಯುವ ಕೆಲಸದ ಹುಡುಗರಿಗೂ ಶ್ರೀಮಂತರ ಖಾಸಗಿ ಶಾಲೆಯ ಹುಡುಗರಿಗೂ ಎರಡು ಪರೀಕ್ಷೆ ಕೊಟ್ಟರು. ಒಂದು ಆಕೃತಿಗಳನ್ನು ನೋಡಿ ಬಿಡಿಸುವುದು, ಇನ್ನೊಂದು ಪದಗಳದ್ದು. ಶ್ರೀಮಂತರ ಮಕ್ಕಳಲ್ಲಿ ಎರಡೂ ಅಂಕಗಳು ಜೊತೆಜೊತೆಯಾಗಿ ನಡೆದವು. ದುಡಿಯುವ ಹುಡುಗರಲ್ಲಿ ಆಕೃತಿಯ ಪರೀಕ್ಷೆಯಲ್ಲಿ ಚುರುಕಾಗಿದ್ದವರೂ ಪದಗಳ ಪರೀಕ್ಷೆಯಲ್ಲಿ ಸಾಧಾರಣ ಮಟ್ಟದಲ್ಲೇ ನಿಂತರು. ಬುದ್ಧಿ ಇದೆ, ಶಾಲೆ ಕೇಳುವ ಮಾತು ಬರುತ್ತಿಲ್ಲ. ಯಾಕೆ ಎಂದು ಹುಡುಕುವುದಕ್ಕೇ ಅವರ ಮುಂದಿನ ಆಯುಷ್ಯ ಹೋಯಿತು.

ನಡುವೆ ಯೂನಿವರ್ಸಿಟಿ ಕಾಲೇಜಿನ ಧ್ವನಿವಿಜ್ಞಾನ ವಿಭಾಗದಲ್ಲಿ ಫ್ರೀಡಾ ಗೋಲ್ಡ್‌ಮನ್ ಐಸ್ಲರ್ ಅವರ ಜೊತೆ ಇದ್ದರು. ಮಾತನಾಡುವಾಗ ನಾವು ಎಲ್ಲಿ ತಡೆಯುತ್ತೇವೆ, ಎಷ್ಟು ಹೊತ್ತು ತಡೆಯುತ್ತೇವೆ ಎಂದು ಅಳೆಯುವುದು ಆಕೆಯ ಸಂಶೋಧನೆ. 1963ರಲ್ಲಿ ಶಿಕ್ಷಣ ಸಂಸ್ಥೆಗೆ ಬಂದವರು ನಿವೃತ್ತಿಯವರೆಗೂ ಅಲ್ಲೇ ಉಳಿದರು. 1967ರಲ್ಲಿ ಪ್ರಾಧ್ಯಾಪಕರಾದರು, 1979ರಲ್ಲಿ ಸಮಾಜಶಾಸ್ತ್ರಜ್ಞ ಕಾರ್ಲ್ ಮ್ಯಾನ್‌ಹೈಮ್ ಹೆಸರಿನ ಪೀಠ ಅವರಿಗೆ ಬಂತು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಮ್ಯಾನ್‌ಹೈಮ್ ಅದೇ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದಾಗ 1947ರಲ್ಲಿ ತೀರಿಕೊಂಡಿದ್ದರು.

ಬರ್ನ್‌ಸ್ಟೈನ್ ಹೇಳಿದ ಸೀಮಿತ ಸಂಕೇತ, ವಿಸ್ತೃತ ಸಂಕೇತ ಎಂಬ ಎರಡು ಮಾತು ಅವರಿಗೆ ಹೆಸರನ್ನೂ ತಂದಿತು, ಬೈಗುಳವನ್ನೂ ತಂದಿತು. ಒಂದೇ ಬದುಕನ್ನು ಬದುಕುವವರ ನಡುವೆ ಬಿಡಿಸಿ ಹೇಳುವ ಅಗತ್ಯವಿಲ್ಲ. ‘ಅದು ಅಲ್ಲಿದೆ, ತೆಗೆದುಕೊಂಡು ಬಾ’ ಎಂದರೆ ಸಾಕು. ಇದು ಸೀಮಿತ ಸಂಕೇತ. ಕೇಳುವವರು ಅಪರಿಚಿತರಾದರೆ ಏನು, ಎಲ್ಲಿ, ಯಾಕೆ ಎಂದು ಎಲ್ಲವನ್ನೂ ಮಾತಿನಲ್ಲೇ ಇಡಬೇಕು. ಇದು ವಿಸ್ತೃತ ಸಂಕೇತ. ಶಾಲೆ ಬೆಲೆ ಕೊಡುವುದು ಎರಡನೆಯದಕ್ಕೆ. ಇದನ್ನೇ ಅರೆಬರೆ ಓದಿದವರು, ಬಡವರ ಭಾಷೆಯೇ ಕಡಿಮೆಯದ್ದು ಎಂದು ಇವರು ಹೇಳಿದರು ಎಂಬಂತೆ ಹಬ್ಬಿಸಿದರು. 1969ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಇವರನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡರು. ಆರಂಭದ ಲೇಖನಗಳಲ್ಲಿ ಬರ್ನ್‌ಸ್ಟೈನ್ ಬಳಸಿದ ಪದಗಳು ಸಡಿಲವಾಗಿದ್ದವು, ಹಾಗಾಗಿ ತಪ್ಪು ಪೂರ್ತಿ ಓದುಗರದ್ದಲ್ಲ. ಆದರೆ 1970ರ ಹೊತ್ತಿಗೆ ಅವರೇ ಬಹಳ ಖಾರವಾಗಿ ಬರೆದರು: ಮಗುವಿಗೆ ಏನೋ ಕೊರತೆಯಿದೆ, ಅದನ್ನು ತುಂಬಿಕೊಡುತ್ತೇವೆ ಎನ್ನುವ ಶಿಕ್ಷಣವೇ ತಪ್ಪು, ಶಿಕ್ಷಕರ ಲೋಕ ಮಗುವಿನ ಮನಸ್ಸಿಗೆ ಇಳಿಯಬೇಕಾದರೆ ಮೊದಲು ಮಗುವಿನ ಲೋಕ ಶಿಕ್ಷಕರ ಮನಸ್ಸಿನಲ್ಲಿರಬೇಕು.

ನನ್ನ ವಿದ್ಯಾರ್ಥಿಗಳಿಗೆ ಇದೆಲ್ಲ ಒಣ ಮಾತಾಗಿಯೇ ಕೇಳುತ್ತಿತ್ತು. ಅವರಿಗೆ ಹಿಡಿಸುತ್ತಿದ್ದದ್ದು ಬರ್ನ್‌ಸ್ಟೈನ್ ಅವರ ಬಳಗದ ಜಾನೆಟ್ ಹಾಲೆಂಡ್ 1981ರಲ್ಲಿ ಪ್ರಕಟಿಸಿದ ಪ್ರಯೋಗ. ಏಳೆಂಟು ವರ್ಷದ ಮಕ್ಕಳಿಗೆ ತಿನಿಸುಗಳ ಚಿತ್ರ ಕೊಟ್ಟು, ಹೊಂದುವಂಥವನ್ನು ಜೊತೆಗಿಡಿ ಎಂದರು. ಕಾರ್ಮಿಕರ ಮಕ್ಕಳು ಹೆಚ್ಚಾಗಿ ‘ಇದನ್ನು ನಾವು ಮನೆಯಲ್ಲಿ ತಿನ್ನುತ್ತೇವೆ’, ‘ಇದನ್ನು ಅಮ್ಮ ಮಾಡುತ್ತಾಳೆ’ ಎಂದು ಇಟ್ಟರು. ಮಧ್ಯಮ ವರ್ಗದ ಮಕ್ಕಳು ‘ಇವು ಸಮುದ್ರದಿಂದ ಬಂದವು’, ‘ಇವು ತರಕಾರಿ’ ಎಂದು ಇಟ್ಟರು. ಈಗ ಬೇರೆ ರೀತಿ ಜೋಡಿಸಿ ಎಂದಾಗ ಮಧ್ಯಮ ವರ್ಗದ ಹಲವು ಮಕ್ಕಳು ತಮ್ಮ ಮನೆಯ ಊಟದ ಲೆಕ್ಕಕ್ಕೆ ಸಲೀಸಾಗಿ ಬಂದರು. ಅಂದರೆ ಅವರಿಗೆ ಎರಡೂ ಗೊತ್ತಿತ್ತು. ಶಾಲೆಯವರು ಕೇಳಿದರೆ ಯಾವುದನ್ನು ಮೊದಲು ಹೇಳಬೇಕು ಎಂಬುದೂ ಗೊತ್ತಿತ್ತು.

ಮೀನಿನ ಊರಿನಲ್ಲಿ ಈ ಪ್ರಯೋಗ ಅರ್ಥವಾಗಲು ಟಿಪ್ಪಣಿ ಬೇಕಿಲ್ಲ. ಬಂಗಡೆ, ತಾರ್ಲೆ, ಸಿಗಡಿ, ಬಳಚು ಚಿತ್ರಗಳನ್ನು ಮೀನು ಹಿಡಿಯುವ ಹರಿಕಂತ್ರರ ಮನೆಯ ಮಗುವಿಗೆ ಕೊಟ್ಟು ನೋಡಿ. ಯಾವುದು ಬಲೆಗೆ ಬೀಳುತ್ತದೆ, ಯಾವುದನ್ನು ಹೊಳೆಯ ಕೆಸರಿನಲ್ಲಿ ಹೆಕ್ಕಬೇಕು, ಯಾವುದನ್ನು ಒಣಗಿಸಿದರೆ ಮಳೆಗಾಲಕ್ಕೆ ಆಗುತ್ತದೆ ಎಂದು ಅದು ಗುಂಪು ಮಾಡಿದರೆ ನನಗೇನೂ ಆಶ್ಚರ್ಯವಿಲ್ಲ. ವಿಜ್ಞಾನದ ಪುಸ್ತಕ ಕೇಳುವುದು ಬೆನ್ನೆಲುಬು ಇದೆಯೋ ಇಲ್ಲವೋ ಎಂದು. ಮಗುವಿನ ವಿಂಗಡಣೆಯೇ ಹೆಚ್ಚು ಜಾಣತನದ್ದು ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ. ಆದರೆ ಅಂಕ ಬೆನ್ನೆಲುಬಿಗೇ ಹೊರತು ಒಣಮೀನಿಗಲ್ಲ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೆ ಇನ್ನೊಂದು ಪದರವಿದೆ. ಕಾರವಾರದ ಮನೆಗಳಲ್ಲಿ ಕೊಂಕಣಿ, ಅಂಕೋಲೆಯ ಹಾಲಕ್ಕಿ ಕೊಪ್ಪಗಳಲ್ಲಿ ಅವರದೇ ಕನ್ನಡ, ಭಟ್ಕಳದಲ್ಲಿ ನವಾಯತಿ, ಶಿರಸಿಯ ತೋಟದ ಮನೆಗಳಲ್ಲಿ ಹವಿಗನ್ನಡ, ಯಲ್ಲಾಪುರದ ಸಿದ್ದಿಗಳ ಕೊಂಕಣಿಯ ಧಾಟಿಯೇ ಬೇರೆ. ಶಾಲೆಯ ಕನ್ನಡ ಇವರಲ್ಲಿ ಯಾರ ಮನೆಯದ್ದೂ ಅಲ್ಲ. ಹಾಗೆಂದು ಎಲ್ಲರೂ ಸಮಾನರಲ್ಲ. ಮನೆಯಲ್ಲಿ ಪತ್ರಿಕೆ ಬರುವ, ಅಜ್ಜ ಮಾಸ್ತರರಾಗಿದ್ದ ಮನೆಯ ಮಗು ಒಂದನೆಯ ತರಗತಿಗೆ ಬರುವಾಗಲೇ ಬೆನ್ನೆಲುಬಿನಂಥ ಪ್ರಶ್ನೆಗಳನ್ನು ಕೇಳಿಸಿಕೊಂಡಿರುತ್ತದೆ. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದ ದಿನಕರ ದೇಸಾಯಿಯವರು ಶಾಲೆಯನ್ನು ಬಡವರ ಊರಿಗೆ ತಂದರು. ಶಾಲೆಯ ಬಾಗಿಲಿನಿಂದ ಕರಿಹಲಗೆಯವರೆಗಿನ ಆ ಹತ್ತು ಹೆಜ್ಜೆಯ ದೂರ ಬರ್ನ್‌ಸ್ಟೈನ್ ಅವರ ವಿಷಯ.

1975ರಲ್ಲಿ ಅವರು ಇನ್ನೊಂದು ಮಾತು ಸೇರಿಸಿದರು. ಆಟದ ಮೂಲಕ ಕಲಿಸುವ, ಮಗುವಿಗೆ ಪೂರ್ತಿ ಸ್ವಾತಂತ್ರ್ಯ ಕೊಡುವ ಶಾಲೆ ನೋಡಲು ಚೆಂದ. ಆದರೆ ಅಲ್ಲಿ ಮಗುವನ್ನು ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದಾರೆ ಎಂಬುದು ಮಗುವಿಗೆ ಕಾಣುವುದಿಲ್ಲ. ಓದಿದ ತಾಯಿಗೆ ಅದು ತಿಳಿಯುತ್ತದೆ, ಉಳಿದವರಿಗೆ ಇಲ್ಲ. ನಮ್ಮ ನಲಿಕಲಿ ತರಗತಿಗಳ ಬಗ್ಗೆ ನನಗೆ ಗೌರವ ಇರುವುದು ಇದೇ ಕಾರಣಕ್ಕೆ. ಅಲ್ಲಿ ಆಟವೂ ಇದೆ, ಕಲಿಕಾ ಏಣಿಯೂ ಇದೆ. ತಾನು ಯಾವ ಮೆಟ್ಟಿಲಿನಲ್ಲಿದ್ದೇನೆ ಎಂದು ಮಗುವೇ ನೋಡಿಕೊಳ್ಳಬಹುದು. ತೊಡಕು ಮೂರನೆಯ ತರಗತಿ ದಾಟಿದ ಮೇಲೆ. ಏಣಿ ಇರುವುದಿಲ್ಲ, ಅಳತೆಗೋಲು ಮಾತ್ರ ಇರುತ್ತದೆ.

ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಆನಾ ಮೊರಾಯಿಸ್ ಮತ್ತು ಇಸಾಬೆಲ್ ನೆವೆಸ್ ಇದನ್ನೇ ವಿಜ್ಞಾನದ ತರಗತಿಗಳಲ್ಲಿ ಪರೀಕ್ಷಿಸಿದರು. ಉತ್ತರದಲ್ಲಿ ಏನಿರಬೇಕು ಎಂದು ಶಿಕ್ಷಕರು ಬಿಚ್ಚಿ ಹೇಳಿ, ಕಲಿಕೆಯ ವೇಗವನ್ನು ಮಕ್ಕಳಿಗೆ ತಕ್ಕಂತೆ ಸಡಿಲಿಸಿದರೆ ಬಡ ಮಕ್ಕಳು ಚೆನ್ನಾಗಿ ಮುಂದೆ ಬರುತ್ತಾರೆ ಎಂಬುದು ಅವರು ಕಂಡದ್ದು. ಬರ್ನ್‌ಸ್ಟೈನ್ 2000ದ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಈ ಕೆಲಸದ ಒಂದು ಪಾಲನ್ನು ಅವರು ನೋಡಿದ್ದರು. ನನ್ನ ವಿದ್ಯಾರ್ಥಿಗಳು ಪಾಠಯೋಜನೆ ಬರೆದು ತಂದಾಗ ನಾನು ಅಂಚಿನಲ್ಲಿ ಒಂದೇ ಪ್ರಶ್ನೆ ಬರೆಯುತ್ತಿದ್ದೆ: ‘ಎಂಥ ಉತ್ತರ ಬೇಕೆಂದು ಮಕ್ಕಳಿಗೆ ಹೇಳಿದ್ದೀರಾ?’ ಹೆಚ್ಚಿನವರು ಅದಕ್ಕೆ ಸಿಟ್ಟಾಗುತ್ತಿದ್ದರು. ಉತ್ತರವನ್ನೇ ಹೇಳಿಬಿಟ್ಟರೆ ಪರೀಕ್ಷೆ ಯಾಕೆ ಎಂದು ವಾದಿಸುತ್ತಿದ್ದರು. ಆ ವಾದ ಊಟದ ಗಂಟೆಯವರೆಗೂ ನಡೆಯುತ್ತಿತ್ತು, ನಾನೂ ಬಿಡುತ್ತಿರಲಿಲ್ಲ.

ನಮಸ್ಕಾರ.