ಕಾರ್-ಟಿ ಚಿಕಿತ್ಸೆ ಮತ್ತು ಆಮೇಲಿನ ಜ್ವರ

ಕೇಳುಗರಿಗೆ ನಮಸ್ಕಾರ.

ವಯಸ್ಸಾದವರ ಮಾಮೂಲಿ ರಕ್ತಪರೀಕ್ಷೆಯಲ್ಲಿ ಬಿಳಿರಕ್ತಕಣ ಹೆಚ್ಚಿರುವುದು ಕಂಡು, ಮುಂದೆ ನೋಡಿದಾಗ ಸಿಎಲ್‌ಎಲ್ ಎಂಬ ದೀರ್ಘಕಾಲದ ರಕ್ತ ಕ್ಯಾನ್ಸರ್ ಎಂದು ತಿಳಿಯುವುದುಂಟು. ಹೆದರಿಕೆ ಸಹಜ. ಆದರೆ ಹಲವರಿಗೆ ವರ್ಷಗಟ್ಟಲೆ ಔಷಧವೇ ಬೇಡ, ತಪಾಸಣೆ ಸಾಕು. ಬೇಕಾದಾಗ ಒಳ್ಳೆಯ ಮಾತ್ರೆಗಳಿವೆ. ಅವಕ್ಕೂ ರೋಗ ಬಗ್ಗದಿದ್ದರೆ ಕಾರ್-ಟಿ ಮಾತು ಬರುತ್ತದೆ. ಎಂದರೆ ರೋಗಿಯದೇ ರಕ್ಷಣಾ ಕಣಗಳನ್ನು ಲ್ಯಾಬಿನಲ್ಲಿ ಬದಲಿಸಿ ಮರಳಿ ಕೊಡುವ ಚಿಕಿತ್ಸೆ.

ಈ ರೋಗದಲ್ಲಿ ಕೆಡುವುದು ಬಿ ಕಣ ಎಂಬ ಒಂದು ಬಗೆಯ ಬಿಳಿರಕ್ತಕಣ. ಅದರ ಮೈಮೇಲೆ ಸಿಡಿ19 ಎಂಬ ಗುರುತಿದೆ. ರೋಗಿಯ ರಕ್ತವನ್ನು ಕೆಲವು ಗಂಟೆ ಯಂತ್ರದಲ್ಲಿ ಹಾಯಿಸಿ, ಬಿಳಿಕಣ ತೆಗೆದು, ಉಳಿದದ್ದನ್ನು ಮೈಗೇ ಮರಳಿಸುತ್ತಾರೆ. ಆಗ ತುಟಿ, ಬೆರಳತುದಿ ಜುಮುಗುಟ್ಟಿದರೆ ಕೂಡಲೇ ನರ್ಸ್‌ಗೆ ಹೇಳಿ. ರಕ್ತ ಹೆಪ್ಪುಗಟ್ಟದಿರಲು ಬೆರೆಸುವ ಸಿಟ್ರೇಟ್‌ನಿಂದ ಕ್ಯಾಲ್ಸಿಯಂ ಇಳಿದಿರುತ್ತದೆ. ಕ್ಯಾಲ್ಸಿಯಂ ಕೊಟ್ಟರೆ ಸರಿಹೋಗುತ್ತದೆ. ತೆಗೆದ ಬಿಳಿಕಣಗಳಲ್ಲಿ ರೋಗದ ಮೇಲೆ ದಾಳಿ ಮಾಡುವ ಟಿ ಕಣಗಳಿರುತ್ತವೆ. ಲ್ಯಾಬಿನಲ್ಲಿ ಅವಕ್ಕೆ ಸಿಡಿ19 ಗುರುತಿಸುವ ಜೀನ್ ಸೇರಿಸಿ ಬೆಳೆಸಲು ವಾರಗಳೇ ಬೇಕು. ಮರಳಿ ಕೊಡುವ ಮೊದಲು ಸಾಮಾನ್ಯವಾಗಿ ಮೂರು ದಿನ ಫ್ಲುಡರಾಬಿನ್, ಸೈಕ್ಲೋಫಾಸ್ಫಮೈಡ್ ಎಂಬ ಕಿಮೋ ಔಷಧ ಹಾಕುತ್ತಾರೆ. ಹಳೆಯ ಕಣ ಕಡಿಮೆಯಾದರೆ ಹೊಸವು ಚೆನ್ನಾಗಿ ಬೆಳೆಯುತ್ತವೆ.

2010ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಇದನ್ನು ಮೊದಲು ಪಡೆದವರಲ್ಲಿ ಸಿಎಲ್‌ಎಲ್ ರೋಗಿಗಳಿದ್ದರು. ಇಬ್ಬರಲ್ಲಿ ಹತ್ತು ವರ್ಷದ ನಂತರವೂ ಆ ಕಣಗಳು ಸಿಕ್ಕವು. ಎಲ್ಲರಿಗೂ ಹೀಗಾಗುವುದಿಲ್ಲ. ವರ್ಷಾನುಗಟ್ಟಲೆ ರೋಗವಿದ್ದ ಮೈಯಲ್ಲಿ ಟಿ ಕಣಗಳೇ ಸೋತಿರುತ್ತವೆ. ಲ್ಯಾಬಿನಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಅಮೆರಿಕದಲ್ಲಿ ಸಿಎಲ್‌ಎಲ್‌ಗೆ ಮಂಜೂರಾತಿ ಸಿಕ್ಕಿದ್ದು 2024ರಲ್ಲಿ. ಅದಕ್ಕೆ ಆಧಾರವಾದ ಅಧ್ಯಯನದಲ್ಲಿ ರೋಗ ಪೂರ್ತಿ ಮರೆಯಾದದ್ದು ಸುಮಾರು ಐದರಲ್ಲಿ ಒಬ್ಬರಿಗೆ. ಮುಂಬಯಿಯ ಐಐಟಿ ಮತ್ತು ಟಾಟಾ ಆಸ್ಪತ್ರೆಯ ಶ್ರಮದಿಂದ ಬಂದ ಭಾರತದ ಕಾರ್-ಟಿ ಚಿಕಿತ್ಸೆ ನೆಕ್ಸ್‌ಕಾರ್19ಗೆ 2023ರಲ್ಲಿ ಅನುಮತಿ ಸಿಕ್ಕಿದ್ದು ಬಿ ಕಣದ ಲಿಂಫೋಮಾ ಮತ್ತು ತೀವ್ರ ಲುಕೇಮಿಯಾ ಎಂಬ ಬೇರೆ ರಕ್ತ ಕ್ಯಾನ್ಸರ್‌ಗಳಿಗೆ. ಹಾಗಾಗಿ "ನನ್ನ ರೋಗಕ್ಕೆ ಇದು ಹೊಂದುತ್ತದೆಯೇ" ಎಂದು ರಕ್ತರೋಗ ತಜ್ಞರನ್ನೇ ಕೇಳಿ, ಹೆಪಟೈಟಿಸ್ ಬಿ ಪರೀಕ್ಷೆಯೂ ಆಗಿರಲಿ.

ನನಗೆ ಹೆಚ್ಚು ಚಿಂತೆ ಜ್ವರದ್ದು. ಹೊಸ ಕಣಗಳು ಕೆಲಸಕ್ಕೆ ಇಳಿದಾಗ ಜ್ವರ ಬರುತ್ತದೆ, ರಕ್ತದೊತ್ತಡ ಇಳಿಯಬಹುದು, ಉಸಿರು ಕಟ್ಟಬಹುದು; ಈ ಪ್ರತಿಕ್ರಿಯೆ ತಗ್ಗಿಸುವ ಟೋಸಿಲಿಜುಮಾಬ್ ಎಂಬ ಔಷಧ ಬೇಕಾಗಬಹುದು. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಮಲೇರಿಯಾ, ಡೆಂಗ್ಯೂ, ಇಲಿಜ್ವರವೂ ಇರುತ್ತದಲ್ಲ? ಮನೆಯಲ್ಲೇ ಪ್ಯಾರಾಸಿಟಮಾಲ್ ನುಂಗಿ ಮಲಗುವುದು ಬೇಡ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಿ, ಮೊದಲ ಮಾತಿಗೇ "ಕಾರ್-ಟಿ ಆಗಿದೆ" ಎನ್ನಿ. ಮಲೇರಿಯಾ ಪರೀಕ್ಷೆಯೂ ಆಗಲಿ, ಚಿಕಿತ್ಸೆ ಕೊಟ್ಟ ಕೇಂದ್ರಕ್ಕೂ ಫೋನ್ ಹೋಗಲಿ.

ಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ ರೋಗಿಯಿಂದ ದಿನವೂ ಒಂದೇ ವಾಕ್ಯ ಬರೆಸಿ: "ನಮ್ಮ ಮನೆ ಉಡುಪಿಯಲ್ಲಿದೆ." ಅಕ್ಷರ ಸೊಟ್ಟಗಾದರೆ, ಮಾತು ತಡವರಿಸಿದರೆ ಮಿದುಳಿಗೆ ತೊಂದರೆ ತಟ್ಟಿರಬಹುದು. ಆಯಾಸ ಎಂದು ಬಿಡದೆ, ಆ ಹಾಳೆಯನ್ನು ಹಿಡಿದೇ ವೈದ್ಯರ ಬಳಿ ಹೊರಡಿ.