ಮೊದಲು ಬುತ್ತಿ, ಆಮೇಲೆ ಬೆಟ್ಟ

ನಮಸ್ಕಾರ. ಇವತ್ತಿಗೆಂದು ಬರೆದಿಟ್ಟುಕೊಂಡಿದ್ದ ವಿಷಯವೇ ಬೇರೆ. ಮಳೆಗಾಲದಲ್ಲಿ ಎಂಥ ಬೂಟು ಹಾಕಿಕೊಳ್ಳಬೇಕು ಎಂಬ ಸಂಚಿಕೆ ಸಿದ್ಧವಾಗಿತ್ತು. ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಕುದುರೆಮುಖದ ಚಾರಣದ ಬಗ್ಗೆ ಹಿಂದಿನ ವಾರ ಮಾಡಿದ ಸಂಚಿಕೆಗೆ ಬಂದ ಒಂದು ಕಾಮೆಂಟ್ ಇದಕ್ಕೆ ಕಾರಣ. ಓದುತ್ತೇನೆ, ಕೇಳಿ: “ಸರ್, ಅರ್ಧ ವಿಡಿಯೊ ಊಟದ ಮಾತಿನಲ್ಲೇ ಮುಗಿಯಿತು. ನಾವು ಹೋಗುವುದು ಬೆಟ್ಟ ಹತ್ತುವುದಕ್ಕೆ, ಮದುವೆ ಮನೆಗಲ್ಲ. ಎರಡು ಪೊಟ್ಟಣ ಬಿಸ್ಕತ್ತು ಇದ್ದರೆ ಸಾಕು.”

ಸಾಲದು ಸ್ವಾಮಿ. ಬಿಸ್ಕತ್ತು ಸಾಲದು. ಹಿಂದಿನ ವಾರ ಮೆತ್ತಗೆ ಹೇಳಿದ್ದನ್ನೇ ಇವತ್ತು ಗಟ್ಟಿಯಾಗಿ ಹೇಳುತ್ತೇನೆ. ಬೆಟ್ಟಕ್ಕೆ ಹೋಗುವವರು ಮೊದಲು ಕೂತು ಲೆಕ್ಕ ಹಾಕಬೇಕಾದದ್ದು ಊಟವನ್ನು. ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಏನು ತಿನ್ನುತ್ತೀರಿ ಎನ್ನುವುದು ತೀರ್ಮಾನವಾಗಲಿ. ದಾರಿಯ ನಕ್ಷೆಯನ್ನು ಅದಾದ ಮೇಲೆ ಬಿಡಿಸಿಕೊಳ್ಳಿ. ಮೊದಲು ಬುತ್ತಿ, ಆಮೇಲೆ ಬೆಟ್ಟ.

ಕುದುರೆಮುಖವನ್ನೇ ತೆಗೆದುಕೊಳ್ಳೋಣ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು ಅದು. ದಿನಕ್ಕೆ 300 ಮಂದಿಗಷ್ಟೇ ಅವಕಾಶ, ಅದೂ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಿಕೊಂಡವರಿಗೆ. ಒಳಗೆ ಡೇರೆ ಹಾಕಿ ರಾತ್ರಿ ಕಳೆಯುವಂತಿಲ್ಲ. ಒಲೆ ಹೂಡುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ಚಾರಣ ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ ತುದಿಗೆ ಹೋಗಿ ಮರಳಿದರೆ ಹೆಚ್ಚುಕಡಿಮೆ 20 ಕಿಲೋಮೀಟರ್. ಅಂದರೆ ಏನಾಯಿತು? ಬೆಳಗಿನಿಂದ ಸಂಜೆಯವರೆಗಿನ ಒಂದೇ ಹಗಲಿನಲ್ಲಿ ಇಡೀ ಚಾರಣ ಮುಗಿಯಬೇಕು. ಆ ಹಗಲಿನಲ್ಲಿ ಹೊಟ್ಟೆಗೆ ಬೀಳುವುದೆಲ್ಲ ನಿಮ್ಮ ಬೆನ್ನ ಮೇಲಿನ ಚೀಲದಿಂದಲೇ ಬರಬೇಕು. ಮೇಲೆ ಅಂಗಡಿಯಿಲ್ಲ, ಚಹಾದ ಗೂಡಿಲ್ಲ. ಇರಲೂ ಬಾರದು.

ಈಗ ಹೊತ್ತಿನ ಲೆಕ್ಕ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರ ಕೊಟ್ಟರು. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ತುದಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 1,890 ಮೀಟರ್. ಹಳ್ಳಿಯಿಂದ 900 ಮೀಟರ್ ಹತ್ತಬೇಕು ಎಂದಿಟ್ಟುಕೊಂಡರೆ ಹತ್ತು ಕಿಲೋಮೀಟರಿಗೆ ಎರಡು ಗಂಟೆ, ಏರಿಕೆಗೆ ಒಂದೂವರೆ ಗಂಟೆ, ಒಟ್ಟು ಮೂರೂವರೆ. ಇದು ಎಲ್ಲೂ ಕೂರದೆ, ಫೋಟೊ ತೆಗೆಯದೆ ನಡೆಯುವ ಗಟ್ಟಿಗರ ಲೆಕ್ಕ. ವಾರವೆಲ್ಲ ಕಚೇರಿಯ ಕುರ್ಚಿಯಲ್ಲಿ ಕೂತವರಿಗೆ ಐದು ಗಂಟೆ ಹಿಡಿಯುತ್ತದೆ. ಏಳಕ್ಕೆ ಹೊರಟವರು ತುದಿ ಮುಟ್ಟುವುದು ಮಧ್ಯಾಹ್ನ ಹನ್ನೆರಡಕ್ಕೆ. ಈ ಐದು ಗಂಟೆಯನ್ನು ಎರಡು ಬಿಸ್ಕತ್ತಿನ ಪೊಟ್ಟಣದ ಮೇಲೆ ದಾಟುತ್ತೀರಾ?

ದಾಟಲು ಹೊರಟವರೊಬ್ಬರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಎರಡು ವರ್ಷದ ಹಿಂದಿನ ಮಾತು. ನಾವು ಆರು ಜನ. ಅವರಲ್ಲಿ ಒಬ್ಬ ಹುಡುಗ ದಿನವೂ ಜಿಮ್‌ಗೆ ಹೋಗುವವನು, ನಮ್ಮೆಲ್ಲರಿಗಿಂತ ಬಲಶಾಲಿ. ಹಿಂದಿನ ರಾತ್ರಿಯ ಬಸ್ಸಿನಲ್ಲಿ ಸರಿಯಾಗಿ ನಿದ್ದೆಯಿಲ್ಲ ಎಂದು ಬೆಳಗ್ಗೆ ತಿಂಡಿ ಬೇಡವೆಂದ. ಒಂದು ಲೋಟ ಚಹಾ ಕುಡಿದು ಹೊರಟ. ಮೊದಲ ಎರಡು ಗಂಟೆ ಎಲ್ಲರಿಗಿಂತ ಮುಂದೆ ಅವನೇ. ಕುದುರೆಮುಖದ ದಾರಿಯ ಗುರುತಾದ ಒಂಟಿಮರ ದಾಟಿ ಏರು ಶುರುವಾದ ಮೇಲೆ ಮಾತು ನಿಲ್ಲಿಸಿದ. ಆಮೇಲೆ ಒಂದು ಬಂಡೆಯ ಮೇಲೆ ಕುಸಿದು ಕೂತ. ಅವನ ಕೈಗೆ ಕಿತ್ತಳೆಹಣ್ಣು ಕೊಟ್ಟೆ. ಹೆಬ್ಬೆರಳಿನ ಉಗುರನ್ನು ತೊಟ್ಟಿನ ಹತ್ತಿರ ಒತ್ತುತ್ತಾನೆ, ಸಿಪ್ಪೆಯೊಳಗೆ ಇಳಿಯುತ್ತಿಲ್ಲ. ಬೆರಳುಗಳು ನಡುಗುತ್ತಿವೆ. ಹಣ್ಣು ಉರುಳಿ ಹುಲ್ಲಿಗೆ ಬಿತ್ತು. ನೂರು ಕಿಲೋ ಎತ್ತುವ ಕೈಗೆ ಒಂದು ಕಿತ್ತಳೆ ಸುಲಿಯಲು ಆಗಲಿಲ್ಲ! ಸುಲಿದು ಒಂದೊಂದೇ ತೊಳೆಯನ್ನು ಬಾಯಿಗಿಟ್ಟೆವು, ಬೆಲ್ಲ ಕೊಟ್ಟೆವು. ಕಾಲು ಗಂಟೆಯಲ್ಲಿ ಮುಖಕ್ಕೆ ಬಣ್ಣ ಬಂತು. ಆದರೆ ತುದಿಯ ಆಸೆ ಅಲ್ಲಿಗೇ ಮುಗಿಯಿತು. ಆರು ಜನವೂ ಹಿಂದಿರುಗಿದೆವು.

ಒಬ್ಬ ತಿಂಡಿ ಬಿಟ್ಟದ್ದಕ್ಕೆ ಆರು ಜನರ ಬೆಟ್ಟ ಹೋಯಿತು. ಇದನ್ನು ನೋಡಿದ ಮೇಲೂ ನಾನು ಊಟದ ಬಗ್ಗೆ ಮಾತನಾಡಬಾರದೇ?

ಇದರಲ್ಲಿ ನಿಗೂಢವೇನೂ ಇಲ್ಲ. ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಸಕ್ಕರೆ ಕೂಡಿಟ್ಟಿರುತ್ತದೆ. ಕಡಿದಾದ ಏರಿನಲ್ಲಿ ದೇಹ ಸುಡುವುದು ಮುಖ್ಯವಾಗಿ ಅದನ್ನೇ. ಆ ದಾಸ್ತಾನು ಕೆಲವು ಗಂಟೆಗಳದ್ದು. ರಾತ್ರಿಯಿಡೀ ಉಪವಾಸ ಇದ್ದವರಲ್ಲಿ ಯಕೃತ್ತಿನ ಪಾಲು ಬೆಳಗಾಗುವಷ್ಟರಲ್ಲಿ ಬಹಳಷ್ಟು ಕರಗಿರುತ್ತದೆ. ಹಾಗೆಂದು ಗಂಟಲವರೆಗೆ ತಿಂದು ಏರು ಹತ್ತಿದರೂ ಕೆಟ್ಟಿತು. ರಕ್ತವನ್ನು ಹೊಟ್ಟೆಯೂ ಕೇಳುತ್ತದೆ, ಕಾಲೂ ಕೇಳುತ್ತದೆ. ಹೊರಡುವ ಒಂದು ಗಂಟೆ ಮೊದಲು ಹದವಾದ ತಿಂಡಿ, ಆಮೇಲೆ ಮುಕ್ಕಾಲು ಗಂಟೆಗೊಮ್ಮೆ ಒಂದು ಹಿಡಿ. ಹಸಿವಾದ ಮೇಲೆ ತಿನ್ನೋಣ ಎಂದು ಕಾಯಬೇಡಿ. ಹಸಿವೆ ಬೆಟ್ಟದಲ್ಲಿ ತಡವಾಗಿ ಹೇಳಿ ಕಳುಹಿಸುತ್ತದೆ.

ಹಾಗಾದರೆ ಏನು ಕಟ್ಟಿಕೊಳ್ಳಬೇಕು? ಹೋಮ್‌ಸ್ಟೇಗಳಲ್ಲಿ ಬೆಳಗ್ಗೆ ಚಿತ್ರಾನ್ನವನ್ನೋ ಪಲಾವನ್ನೋ ಡಬ್ಬಿಗೆ ತುಂಬಿ ಕೊಡುತ್ತಾರೆ. ಹೊಗೆಯಾಡುವ ಅನ್ನವನ್ನು ತುಂಬಿ ಕೂಡಲೇ ಮುಚ್ಚಳ ಬಿಗಿದರೆ ಒಳಗಿನ ಆವಿಯೆಲ್ಲ ಮುಚ್ಚಳಕ್ಕೆ ತಗುಲಿ, ಹನಿಯಾಗಿ ಮತ್ತೆ ಅನ್ನದ ಮೇಲೆ ಬೀಳುತ್ತದೆ. ಮಧ್ಯಾಹ್ನ ಡಬ್ಬಿ ತೆಗೆದಾಗ ಮೇಲಿನ ಅನ್ನ ಮುದ್ದೆ, ಕೆಳಗೆ ಹುಳಿವಾಸನೆ. ಆದ್ದರಿಂದ ಅನ್ನವನ್ನು ತಟ್ಟೆಯಲ್ಲಿ ಹರಡಿ, ಆರಿಸಿ, ಆಮೇಲೆ ತುಂಬಿ. ಅಡುಗೆಮನೆಯ ಅಮ್ಮನಿಗೆ ಹಿಂದಿನ ರಾತ್ರಿಯೇ ವಿನಯದಿಂದ ಹೇಳಿದರೆ ಸಂತೋಷದಿಂದ ಮಾಡಿಕೊಡುತ್ತಾರೆ. ಕಾಯಿತುರಿ ಹಾಕಿದ್ದು ಬೇಡ, ಕಾಯಿಚಟ್ನಿ ಬೇಡವೇ ಬೇಡ. ಹುಣಸೆಹುಳಿ, ಎಣ್ಣೆ ಬಿದ್ದ ಪುಳಿಯೋಗರೆ ಸಂಜೆಯವರೆಗೂ ಕೆಡುವುದಿಲ್ಲ. ನಮ್ಮ ಅಜ್ಜಿಯಂದಿರು ಯಾತ್ರೆಗೆ ಅದನ್ನೇ ಕಟ್ಟುತ್ತಿದ್ದರು.

ಮಳೆಗಾಲದಲ್ಲಾದರೆ ಅನ್ನವನ್ನೇ ಮರೆತುಬಿಡಿ. ದಿಣ್ಣೆಯ ಮೇಲೆ ಗಾಳಿ, ಮಳೆ ಎರಡೂ ಅಡ್ಡಡ್ಡ ಬೀಸುವಾಗ ಡಬ್ಬಿ ಬಿಚ್ಚಿ ಕಲಸಿ ತಿನ್ನುವುದು ಆಗದ ಮಾತು. ತುಪ್ಪ, ಬೆಲ್ಲ ಹಚ್ಚಿ ಸುರುಳಿ ಸುತ್ತಿದ ಚಪಾತಿ ಇರಲಿ. ಒಂದು ಕೈಯಲ್ಲಿ ಹಿಡಿದು ನಿಂತೇ ತಿನ್ನಬಹುದು. ಜೇಬಿನಲ್ಲಿ ಹುರಿಗಡಲೆ, ಶೇಂಗಾ, ಚಿಕ್ಕಿ. ತಿನ್ನುವ ಜಾಗವನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ. ಬೆಟ್ಟದ ಮಡಿಲಿನ ದಟ್ಟ ಶೋಲಾ ಕಾಡಿನ ನೆರಳು ತಂಪಾಗಿದೆಯೆಂದು ಎಲೆಯ ಹಾಸಿನ ಮೇಲೆ ಕೂತರೆ ಇಂಬಳಗಳಿಗೆ ನೀವೇ ಬುತ್ತಿ. ಕಾಡು ದಾಟಿ ಹುಲ್ಲುಗಾವಲಿನ ಬರಿಬಂಡೆಯ ಮೇಲೆ ಕೂತುಕೊಳ್ಳಿ. ನೋಡಿ, ಊಟದ ಲೆಕ್ಕ ಹಾಕುತ್ತ ಹೋದರೆ ದಾರಿಯ ಲೆಕ್ಕ ತಾನಾಗಿಯೇ ಆಗುತ್ತದೆ. ಯಾವ ಬಂಡೆ, ಎಷ್ಟು ಗಂಟೆಗೆ, ಅಲ್ಲಿಂದ ತುದಿಗೆ ಎಷ್ಟು ದೂರ. ಮೊದಲು ಬುತ್ತಿ, ಆಮೇಲೆ ಬೆಟ್ಟ!

ನನ್ನ ‘ಬುತ್ತಿ ಪಟ್ಟಿ’ ಈ ವಿಡಿಯೊದ ಕೆಳಗಿನ ವಿವರಣೆಯಲ್ಲಿದೆ, ಉಚಿತ. ಒಂದೇ ಹಾಳೆ. ಒಂದು ಕಡೆ ಗಂಟೆ, ಒಂದು ಕಡೆ ಜಾಗ, ಒಂದು ಕಡೆ ತಿನಿಸು. ಮುದ್ರಿಸಿಕೊಂಡು ಚೀಲದಲ್ಲಿಟ್ಟುಕೊಳ್ಳಿ. ಚಾನೆಲ್‌ಗೆ ಇನ್ನೂ ಚಂದಾದಾರರಾಗದವರು ಈಗಲೇ ಆಗಿ. ಈ ಕೆಲಸ ನಿಮ್ಮ ಬೆಂಬಲದಿಂದಲೇ ನಡೆಯುತ್ತಿದೆ.

ಇನ್ನು ಆಕ್ಷೇಪಗಳು. “ಚೀಲ ಹಗುರವಾಗಿರಬೇಕಲ್ಲವೇ ಸರ್?” ಹಗುರ ಮಾಡಲು ಪವರ್ ಬ್ಯಾಂಕ್ ತೆಗೆಯಿರಿ, ಎರಡನೆಯ ಜಾಕೆಟ್ ತೆಗೆಯಿರಿ, ಸ್ಪೀಕರನ್ನಂತೂ ಮನೆಯಲ್ಲೇ ಬಿಟ್ಟು ಬನ್ನಿ, ಅದು ಕಾಡು. ಬುತ್ತಿಗೆ ಕೈ ಹಾಕಬೇಡಿ. ನೀರು ಬಿಟ್ಟರೆ ಹೋಗುತ್ತ ಹೋಗುತ್ತ ಹಗುರವಾಗುವ ಹೊರೆ ಅದೊಂದೇ. “ಕುದುರೆಮುಖ ಪಟ್ಟಣದಲ್ಲಿ ಏನಾದರೂ ಕಟ್ಟಿಸಿಕೊಳ್ಳುತ್ತೇವೆ.” 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತ ಮೇಲೆ ಆ ಪಟ್ಟಣ ಬಹುಪಾಲು ಖಾಲಿಯಾಗಿದೆ. ಅಲ್ಲದೆ ನೀವು ಹೊರಡುವುದು ಮುಳ್ಳೋಡಿಯಿಂದ, ಜೀಪು ಹಿಡಿದು ಮೊದಲು ಅಲ್ಲಿಗೆ ಸೇರಬೇಕು. “ಗೈಡ್ ಹತ್ತಿರ ಏನಾದರೂ ಇರುತ್ತದೆ.” ಇರುತ್ತದೆ, ಅವರ ಊಟ! ದಾರಿ ತೋರಿಸುವವರ ಡಬ್ಬಿಗೆ ಕಣ್ಣು ಹಾಕುವವರು ಬೆಟ್ಟಕ್ಕೆ ಬರುವುದೇ ಬೇಡ.

ಆ ಎರಡು ಬಿಸ್ಕತ್ತಿನ ಪೊಟ್ಟಣದ ಇನ್ನೊಂದು ಕಥೆಯಿದೆ. ಅದರ ಹೊದಿಕೆ ಎಲ್ಲಿಗೆ ಹೋಗುತ್ತದೆ? ಹುಲ್ಲಿನ ಬುಡಕ್ಕೆ ಸಿಕ್ಕಿಸಿಟ್ಟ ಹೊಳೆಯುವ ಕಾಗದಗಳನ್ನು ನಾನೇ ಹೆಕ್ಕಿದ್ದೇನೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಸೀಮೆಯಿದು. ಸಿಂಗಳೀಕಗಳ ಮನೆಯಿದು. ಡಬ್ಬಿಯಲ್ಲಿ ತಂದ ಬುತ್ತಿಗೆ ಹೊದಿಕೆಯೇ ಇಲ್ಲ, ತಿಂದ ಡಬ್ಬಿ ಚೀಲಕ್ಕೆ ವಾಪಸ್ಸು. ಕಿತ್ತಳೆ ಸಿಪ್ಪೆಯೂ ಅದೇ ಡಬ್ಬಿಯಲ್ಲಿ ಕೆಳಗೆ ಬರಲಿ.

ಬೇರೆ ಕಾರಣ ಬೇಕೇ? ನನಗೆ ಬೇಡ. ಹಸಿದವರಿಗೆ ಬೆಟ್ಟ ಕಾಣುವುದಿಲ್ಲ. ಕಣ್ಣೆದುರು ಮಂಜು ಸರಿದು ಹುಲ್ಲುಗಾವಲು ತೆರೆದುಕೊಂಡರೂ ಅವರು ನೋಡುವುದು ಗಡಿಯಾರವನ್ನು. ಮೂರು ಲೀಟರ್ ನೀರು, ತಿಂಡಿ, ನಡುನಡುವೆ ಹಿಡಿಹಿಡಿ ಕಡಲೆಬೆಲ್ಲ, ಬಂಡೆಯ ಮೇಲೆ ಊಟ. ಇಷ್ಟನ್ನು ಬರೆದುಕೊಳ್ಳದೆ ಟಿಕೆಟ್ ಕಾಯ್ದಿರಿಸಬೇಡಿ. ಒಪ್ಪದವರು ಕಾಮೆಂಟ್ ಹಾಕಿ, ಎಲ್ಲಕ್ಕೂ ಉತ್ತರ ಕೊಡುತ್ತೇನೆ, ಉತ್ತರ ಇದೇ ಇರುತ್ತದೆ: ಮೊದಲು ಬುತ್ತಿ!

ಮುಂದಿನ ವಾರ ಬೂಟಿನ ಸಂಚಿಕೆ ಬರುತ್ತದೆ. ಅದರ ಮುಂದಿನ ವಾರ ಕುಮಾರಪರ್ವತ, ಅದರಲ್ಲಿ ಮೊದಲ ಹತ್ತು ನಿಮಿಷ ಊಟದ ಬಗ್ಗೆಯೇ ಮಾತನಾಡುತ್ತೇನೆ. ಆ ಕಾಮೆಂಟ್ ಬರೆದ ಸ್ನೇಹಿತರೇ, ನೀವು ಕುದುರೆಮುಖಕ್ಕೆ ಹೊರಡುವ ದಿನಾಂಕ ತಿಳಿಸಿ. ಪುಳಿಯೋಗರೆ ನಾನು ಕಟ್ಟಿಕೊಂಡು ಬರುತ್ತೇನೆ, ಇಬ್ಬರಿಗಾಗುವಷ್ಟು.