ಗಾಳಿ ಕುಟ್ಟಿದ ನಶ್ಯ

ನಮಸ್ಕಾರ.

ನಮ್ಮಜ್ಜನ ನಶ್ಯದ ಡಬ್ಬಿ ಈಗ ನನ್ನ ಹತ್ತಿರ ಇದೆ. ಹಿತ್ತಾಳೆಯದು, ಅಂಗೈ ಮಡಿಸಿದರೆ ಒಳಗೇ ಅಡಗಿಹೋಗುತ್ತದೆ. ಅಜ್ಜ ಅದರ ಮುಚ್ಚಳದ ಮೇಲೆ ಬೆರಳಿನಿಂದ ಟಕ್ ಟಕ್ ಎಂದು ಎರಡು ಸಲ ಬಡಿದು, ಆಮೇಲೆ ತೆರೆದು, ಒಂದು ಚಿಟಿಕೆ ತೆಗೆಯುತ್ತಿದ್ದರು. ಹೆಗಲ ಮೇಲಿನ ಬಿಳಿ ವಸ್ತ್ರದ ಒಂದು ತುದಿ ಯಾವಾಗಲೂ ಕಂದು. ಎಷ್ಟು ಒಗೆದರೂ ಆ ಬಣ್ಣ ಬಿಡುತ್ತಿರಲಿಲ್ಲ. ಹೊಗೆಸೊಪ್ಪನ್ನು ಹುರಿದು, ಅರೆದು, ಸುಣ್ಣ ಮತ್ತು ತುಪ್ಪ ಸೇರಿಸಿ ಮಾಡಿದ ನಶ್ಯ ಅದು. ಅಜ್ಜ ಹೋಗಿ ಬಹಳ ವರ್ಷವಾದರೂ ಡಬ್ಬಿ ತೆಗೆದರೆ ಇವತ್ತಿಗೂ ತುಪ್ಪದ ವಾಸನೆ ಮೆಲ್ಲಗೆ ಬರುತ್ತದೆ.

ಆ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡೇ ನಾನು ನೆದರ್ಲೆಂಡ್ಸಿನ ರಾಟರ್‌ಡ್ಯಾಮ್ ಊರಿಗೆ ಹೋದೆ. ಊರಿನ ಈಶಾನ್ಯಕ್ಕೆ ಕ್ರಾಲಿಂಗನ್ ಎಂಬ ಬಡಾವಣೆ, ಅಲ್ಲೊಂದು ದೊಡ್ಡ ಕೆರೆ. ಕೆರೆಯ ಆಚೆ ನೋಡಿದರೆ ಪಟ್ಟಣದ ಗಗನಚುಂಬಿ ಕಟ್ಟಡಗಳು, ಈಚೆ ದಡದಲ್ಲಿ ಎರಡು ಗಾಳಿಗಿರಣಿಗಳು. ಒಂದರ ಹೆಸರು ಡೆ ಲೆಲೀ, ಅಂದರೆ ಲಿಲ್ಲಿ ಹೂವು. ಇನ್ನೊಂದು ಡೆ ಸ್ಟೆರ್, ಅಂದರೆ ನಕ್ಷತ್ರ. ಇವೆರಡೂ ನಶ್ಯ ಮತ್ತು ಮಸಾಲೆ ಕುಟ್ಟುವ ಗಿರಣಿಗಳು. ಗಾಳಿಯ ಬಲದಿಂದ ನಶ್ಯ ಮಾಡುವ ಗಿರಣಿಗಳು ಜಗತ್ತಿನಲ್ಲಿ ಉಳಿದಿರುವುದು ಇವೆರಡೇ ಎಂದು ಅಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ.

1940ರ ಮೇ 14ರಂದು ಜರ್ಮನ್ ವಿಮಾನಗಳು ಬಾಂಬು ಹಾಕಿ ರಾಟರ್‌ಡ್ಯಾಮಿನ ಹಳೆಯ ಪೇಟೆಯನ್ನೆಲ್ಲ ಸುಟ್ಟವು. ಮರದ ಮೈ, ಹುಲ್ಲಿನ ಹೊದಿಕೆಯ ಈ ಗಿರಣಿಗಳು ಅದರಲ್ಲಿ ಉಳಿದುಕೊಂಡವು. ಆದರೆ ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ, 1962ರಲ್ಲಿ, ನಕ್ಷತ್ರ ಗಿರಣಿಗೆ ಬೆಂಕಿ ಬಿತ್ತು. ಊರಿನವರು ಕೈಬಿಡಲಿಲ್ಲ, ಮತ್ತೆ ಕಟ್ಟಿ ನಿಲ್ಲಿಸಿದರು. ನಾನು ಒಳಗೆ ಹೋದದ್ದು ಆ ಗಿರಣಿಗೆ.

ಬಾಗಿಲು ದಾಟುವ ಮೊದಲೇ ಮೂಗಿಗೆ ಗೊತ್ತಾಗುತ್ತದೆ. ಹೊಗೆಸೊಪ್ಪಿನ ಖಾರ, ಅದರ ಹಿಂದೆ ಹುಳಿ ಬಂದ ಹಣ್ಣಿನಂಥ ಒಂದು ವಾಸನೆ. ಆಮೇಲೆ ಸದ್ದು. ನಮ್ಮ ಕಡೆ ಮಿಷಿನ್ನು ಬರುವ ಮುಂಚೆ ಅವಲಕ್ಕಿ ಕುಟ್ಟುತ್ತಿದ್ದ ಮನೆಯ ಸದ್ದು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಾಲಾಗಿ ನಿಂತ ಮರದ ಒನಕೆಗಳು ಒಂದಾದ ಮೇಲೊಂದು ಏಳುತ್ತವೆ, ಬೀಳುತ್ತವೆ. ಒನಕೆಯ ಬುಡಕ್ಕೆ ನಮ್ಮಲ್ಲಿ ಕಬ್ಬಿಣದ ಬಳೆ ಇರುತ್ತದೆ, ಇಲ್ಲಿ ಹರಿತವಾದ ಅಲಗು. ಸೊಪ್ಪನ್ನು ಜಜ್ಜುವುದಕ್ಕಿಂತ ಮೊದಲು ಕೊಚ್ಚಬೇಕಲ್ಲ, ಅದಕ್ಕೆ.

ಕೊಚ್ಚುವ ಸೊಪ್ಪು ಒಣಗಿದ ಎಲೆಯಲ್ಲ. ಎಲೆಗಳನ್ನು ಮಸಾಲೆನೀರಿನಲ್ಲಿ ನೆನೆಸಿ, ಒತ್ತಾಗಿ ಕೂಡಿಸಿ, ಬಟ್ಟೆ ಸುತ್ತಿ, ಮೇಲೆ ಹಗ್ಗ ಬಿಗಿದು ಬಿಗಿದು ಒಂದು ಗಟ್ಟಿ ಪಿಂಡಿ ಮಾಡುತ್ತಾರೆ. ನಡು ದಪ್ಪ, ತುದಿ ಚೂಪು. ಆಕಾರ ಗಜ್ಜರಿಯಂತಿರುವುದರಿಂದ ಅದಕ್ಕೆ ಕ್ಯಾರೆಟ್ ಎನ್ನುವ ಹೆಸರೇ ಬಂದಿದೆ. ಅದನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟು ಹುದುಗು ಬರಿಸುತ್ತಾರೆ. ಗಿರಣಿಯವರು ಒಂದು ಪಿಂಡಿಯನ್ನು ನನ್ನ ಕೈಗೆ ಕೊಟ್ಟರು. ಕಪ್ಪಗೆ, ತೂಕವಾಗಿ, ಹಗ್ಗದ ಗುರುತು ಮೈಯೆಲ್ಲ ಮೂಡಿ, ಕೊರಡಿನಷ್ಟು ಗಟ್ಟಿಯಾಗಿತ್ತು. ಹಿಂದೆ ಯೂರೋಪಿನ ಶೋಕಿಗಾರರು ಇಂಥ ಪಿಂಡಿಯ ಜೊತೆ ಒಂದು ಸಣ್ಣ ತುರಿಮಣೆಯನ್ನೂ ಇಟ್ಟುಕೊಂಡು, ಬೇಕಾದಾಗ ಒಂದು ಚಿಟಿಕೆ ತುರಿದುಕೊಳ್ಳುತ್ತಿದ್ದರಂತೆ. ರಾಪೆ ಎಂಬ ನಶ್ಯದ ಹೆಸರು ಹುಟ್ಟಿದ್ದೇ ತುರಿಯುವುದು ಎಂಬ ಫ್ರೆಂಚ್ ಮಾತಿನಿಂದ.

ಕೊಚ್ಚಿದ್ದನ್ನು ಕಲ್ಲಿಗೆ ಹಾಕಿ ಬೀಸಿ ಜರಡಿ ಹಿಡಿಯುತ್ತಾರೆ. ಮೇಲೆ ಉಳಿದ ತರಿ ಮತ್ತೆ ಕಲ್ಲಿಗೆ.

ಇಷ್ಟೂ ಕೆಲಸಕ್ಕೆ ಶಕ್ತಿ ಕೊಡುವುದು ಬರೀ ಗಾಳಿ. ಮೇಲಿನ ಅಟ್ಟಕ್ಕೆ ಹತ್ತಿದರೆ ಎರಡು ಆಳೆತ್ತರದ ಮರದ ಚಕ್ರ, ಅದಕ್ಕೆ ಮರದ್ದೇ ಹಲ್ಲು. ಹಲ್ಲುಗಳಿಗೆ ಜೇನುಮೇಣ ಸವರುತ್ತಾರೆ. ಹೊರಗಿನ ರೆಕ್ಕೆ ತಿರುಗಿದಂತೆ ಈ ಚಕ್ರ ತಿರುಗಿ, ನಡುವಿನ ನಿಲುಗಂಬವನ್ನು ತಿರುಗಿಸುತ್ತದೆ. ಆ ಕಂಬದ ತಿರುಗಾಟವೇ ಕೆಳಗೆ ಕಲ್ಲಿಗೂ ಒನಕೆಗೂ ಹಂಚಿಹೋಗುತ್ತದೆ. ಗಾಳಿ ದಿಕ್ಕು ಬದಲಿಸಿದರೆ ಗಿರಣಿಯವರು ಹೊರಜಗಲಿಗೆ ಬಂದು, ರಾಟೆ ಸುತ್ತಿ, ಗಿರಣಿಯ ಇಡೀ ತಲೆಯನ್ನೇ ಗಾಳಿಗೆ ಎದುರಾಗಿ ತಿರುಗಿಸುತ್ತಾರೆ. ಗಾಳಿ ಮೆತ್ತಗಾದರೆ ರೆಕ್ಕೆಗೆ ಹಾಯಿಬಟ್ಟೆ ಬಿಚ್ಚುತ್ತಾರೆ, ಜೋರಾದರೆ ಸುತ್ತಿ ಕಟ್ಟುತ್ತಾರೆ. ಗಾಳಿ ಬಂದಾಗ ತೂರಿಕೋ ಎಂದು ನಾವು ಕಣದಲ್ಲಿ ನಿಂತು ಹೇಳಿದ ಮಾತು. ಇಲ್ಲಿನವರು ಆ ಮಾತಿನಲ್ಲೇ ಬದುಕುತ್ತಾರೆ. ನನ್ನ ಜೊತೆ ಮಾತಾಡುತ್ತಿದ್ದಾಗಲೂ ಅವರ ಒಂದು ಕಣ್ಣು ಕಿಟಕಿಯಾಚೆ ಮೋಡದ ಮೇಲೇ ಇತ್ತು.

ಒಂದು ಕಾಲಕ್ಕೆ ಆ ದೇಶದಲ್ಲಿ ಹತ್ತಿರಹತ್ತಿರ ಹತ್ತು ಸಾವಿರ ಗಾಳಿಗಿರಣಿಗಳಿದ್ದವು. ಈಗ ಉಳಿದಿರುವುದು ಸಾವಿರದ ಚಿಲ್ಲರೆ. ಗಿರಣಿ ಇದ್ದು ನಡೆಸುವವರೇ ಇಲ್ಲದಾಗ 1972ರಲ್ಲಿ ಆಸಕ್ತರು ಸೇರಿ ಸಂಘ ಕಟ್ಟಿದರು. ಬೇರೆ ಉದ್ಯೋಗದಲ್ಲಿರುವವರು ರಜೆಯ ದಿನ ಬಂದು ಹಳಬರ ಕೈಕೆಳಗೆ ಕಲಿತು, ಪರೀಕ್ಷೆ ಕೊಟ್ಟು, ಸಂಬಳವಿಲ್ಲದೆ ಗಿರಣಿ ನಡೆಸುತ್ತಾರೆ. ಈ ವಿದ್ಯೆಯನ್ನು ಯುನೆಸ್ಕೋ 2017ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಎತ್ತಿನ ಗಾಣಕ್ಕೆ, ಅದನ್ನು ಕೂಡಿಸಬಲ್ಲ ಬಡಗಿಗೆ ಇಂಥ ಒಂದು ಸಂಘ ಬೇಕಿತ್ತು ಎಂದು ಅಲ್ಲಿ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಅದೇ ಗಿರಣಿಯ ಕಪಾಟಿನಲ್ಲಿ ಮೆಣಸು, ಚಕ್ಕೆ, ಜಾಯಿಕಾಯಿಯ ಪುಡಿಗಳೂ ಇದ್ದವು. ಮೆಣಸನ್ನು ಕಂಡಾಗ ನೆನಪಾದದ್ದು ನಮ್ಮ ಕರಾವಳಿಯ ಬಸರೂರು. 17ನೇ ಶತಮಾನದಲ್ಲಿ ಡಚ್ಚರ ಈಸ್ಟ್ ಇಂಡಿಯಾ ಕಂಪನಿ ಅಲ್ಲಿ ಕೋಠಿ ಇಟ್ಟು ವ್ಯಾಪಾರ ಮಾಡಿತ್ತು. ಆ ಕಂಪನಿಯ ಒಂದು ಶಾಖೆ ಇದೇ ರಾಟರ್‌ಡ್ಯಾಮಿನಲ್ಲಿತ್ತು.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಮುಚ್ಚಿಡಬಾರದು. 1560ರ ಸುಮಾರಿಗೆ ಜಾನ್ ನಿಕೋ ಎಂಬ ಫ್ರೆಂಚ್ ರಾಯಭಾರಿ ಹೊಗೆಸೊಪ್ಪನ್ನು ಔಷಧಿ ಎಂದೇ ನಂಬಿ ಪೋರ್ಚುಗಲ್ಲಿನಿಂದ ತನ್ನ ದೇಶದ ರಾಜಮಾತೆಗೆ ಕಳಿಸಿದ. ಅವನ ಹೆಸರೇ ನಿಕೋಟಿನ್ ಆಯಿತು. ಔಷಧಿ ಎಂದು ಬಂದದ್ದು ಚಟವಾಗಿ ನಿಂತಿತು. ಅಜ್ಜ ಕೊನೆಗಾಲದಲ್ಲಿ ಮೂಗು ಕಟ್ಟಿ, ಬಾಯಿಯಲ್ಲಿ ಉಸಿರೆಳೆಯುತ್ತಾ ರಾತ್ರಿಯೆಲ್ಲ ಎದ್ದು ಕೂರುತ್ತಿದ್ದರು. ಡಬ್ಬಿ ಮಾತ್ರ ದಿಂಬಿನ ಕೆಳಗೇ ಇರಬೇಕು. ಅದನ್ನು ಕಣ್ಣಾರೆ ಕಂಡಿರುವುದರಿಂದ ಕೇಳುತ್ತಿರುವ ಯಾರಿಗೂ ನಾನು ನಶ್ಯದ ಶಿಫಾರಸು ಮಾಡಲಾರೆ. ನನ್ನ ಪ್ರೀತಿ ಆ ಒನಕೆಗಳ ಮೇಲೆ, ಆ ಕೈಗಳ ಮೇಲೆ.

ಹೊರಡುವ ಹೊತ್ತಿಗೆ ಗಿರಣಿಯವರು ಹಗ್ಗ ಜಗ್ಗಿ ರೆಕ್ಕೆಗಳನ್ನು ನಿಲ್ಲಿಸಿದರು. ಒನಕೆಗಳು ಸುಮ್ಮನಾದವು. ಆಗ ನಾನು ಅಜ್ಜನ ಡಬ್ಬಿಯನ್ನು ತೆಗೆದು ತೋರಿಸಿದೆ. ಅವರು ಮುಚ್ಚಳ ಬಿಚ್ಚಿ, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, "ಇದರಲ್ಲಿ ಏನೋ ಬೆಣ್ಣೆಯಂಥದ್ದಿದೆ" ಎಂದರು. ತುಪ್ಪ ಎಂದೆ. ಅವರು ತಲೆಯಾಡಿಸಿ, ಜರಡಿಯ ಕೆಳಗಿನ ಹೊಸ ಪುಡಿಯಲ್ಲಿ ಒಂದು ಚಿಟಿಕೆ ಎತ್ತಿ ಡಬ್ಬಿಗೆ ಹಾಕಿ ಕೊಟ್ಟರು.

ಅದನ್ನು ಯಾರೂ ಸೇದಿಲ್ಲ, ಹಾಗೇ ಇದೆ. ಈಗ ಮುಚ್ಚಳ ತೆಗೆದರೆ ಮೊದಲು ಆ ಹುಳಿಯಾದ ವಾಸನೆ ಬರುತ್ತದೆ. ಆಮೇಲೆ, ಸ್ವಲ್ಪ ತಡೆದು, ತುಪ್ಪದ್ದು.

ನಮಸ್ಕಾರ.